ಮುದ್ದೆಮಾಲು

ನಮ್ಮ ಕೋಣೆಗೆ ಕಿಟಕಿಯಿಲ್ಲ.
ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ನನ್ನ ಉಡಿದಾರದಲ್ಲಿ,
ಇನ್ನೊಂದು ಸಾಹೇಬರ ಡ್ರಾಯರಿನಲ್ಲಿ.
ಡ್ರಾಯರಿಗೆ ಬೀಗವಿಲ್ಲ.

ಸಂಕ್ರಾಂತಿಯ ಮರುದಿನ ಬಂದದ್ದು ಏಳು ಚೀಲ.
ಕೃಷ್ಣೆಯ ಸೇತುವೆ ದಾಟಿದ ಲಾರಿ,
ಮೇಲೆ ಹತ್ತಿಬೀಜ, ಕೆಳಗೆ ಬಿಳಿ ಪುಡಿ.
ನಾವು ಸಿ.ಎಚ್. ಪೌಡರು ಎಂದು ಬರೆಯುತ್ತೇವೆ.
ನೀರಿಗೆ ಇದು ಬಿದ್ದರೆ ಸೇಂದಿ,
ಈಚಲು ಮರವನ್ನೇ ಕಾಣದ ಸೇಂದಿ.

ನಾನೇ ತೂಗಿದೆ: ನೂರಾ ಎಪ್ಪತ್ತೈದು ಕಿಲೋ.
ಅರಗು ಕರಗಿಸಿ ನಾನೇ ಮೊಹರು ಒತ್ತಿದೆ,
ಹೆಬ್ಬೆರಳು ಸುಟ್ಟುಕೊಂಡೆ.
ಪಂಚರು ಇಬ್ಬರು:
ಚಹಾದಂಗಡಿಯ ಲಾಲಸಾಬ, ಪಂಚರ್ ತಿದ್ದುವ ಬಂಡೆಪ್ಪ.
ಇಬ್ಬರಿಗೂ ಓದಲು ಬಾರದು,
ಹನ್ನೆರಡು ವರ್ಷದಿಂದ ಅವರೇ ನಮ್ಮ ಪಂಚರು.

ಮಾರ್ಚಿನಲ್ಲಿ ತೂಗಿದಾಗ ನೂರಾ ಹನ್ನೊಂದು.
"ಇಲಿ ತಿಂದಾವ, ಬರಿ" ಅಂದರು ಸಾಹೇಬರು.
ಬರೆದೆ.
ಸತ್ತ ಇಲಿ ಎಲ್ಲಿ ಎಂದು ಯಾವ ಕಾಲಮ್ಮೂ ಕೇಳುವುದಿಲ್ಲ.
ಮೊಹರು ಹಾಗೇ ಇತ್ತು, ಬಿರುಕಿಲ್ಲದೆ.
ಇಲಿಗಳ ಹತ್ತಿರವೂ ಒಂದು ಮೊಹರಿದೆ.

ಚುನಾವಣೆ ಬಂತು.
ಮತದಾನಕ್ಕೆ ನಾಲ್ಕು ದಿನವಿರುವಾಗ ಮೇಲಿನಿಂದ ಫೋನು:
ಸುಣ್ಣದಭಟ್ಟಿ ಓಣಿಯಲ್ಲಿ ದಾಳಿ ಮಾಡಿ.
ಮಾಡಿದೆವು. ಕೊಡ ಒಡೆದೆವು, ಡ್ರಮ್ಮು ಉರುಳಿಸಿದೆವು,
ಮೋರಿ ಅರ್ಧ ದಿನ ನೊರೆಯಾಗಿ ಹರಿಯಿತು.
ಪೇಪರಿನಲ್ಲಿ ನನ್ನ ಮೊಣಕೈ ಬಂತು.

ಎರಡನೇ ದಿನ ಓಣಿ ನಡುಗತೊಡಗಿತು.
ಗಂಜಿನ ಹಮಾಲಿ ಯಂಕೋಬನ ಕುತ್ತಿಗೆ
ಹಿಂದಕ್ಕೆ ತಿರುಚಿಕೊಂಡು ಅಲ್ಲೇ ನಿಂತಿತು.
ದ್ಯಾವಮ್ಮ ಗೋಡೆಯ ಇರುವೆಗಳನ್ನು ಒಂದೊಂದೇ ಆರಿಸಿ
ಸೆರಗಿಗೆ ಕಟ್ಟಿಕೊಂಡಳು.
ಗೋಡೆಯಲ್ಲಿ ಇರುವೆ ಇರಲಿಲ್ಲ.
ದೊಡ್ಡಾಸ್ಪತ್ರೆಯಲ್ಲಿ ಮಂಚ ಸಾಲದೆ,
ಸೀರೆ ಹರಿದು ಕಿಟಕಿಯ ಸರಳಿಗೆ ಕಟ್ಟಿದರು ಮನುಷ್ಯರನ್ನು.

ಮೂರನೇ ರಾತ್ರಿ ಡ್ರಾಯರು ಎಳೆದ ಸದ್ದು.
ಹೊರಗೆ ದೀಪ ಹಾಕದ ಟಂಟಂ.
ಯಾರೂ ಏನೂ ಕೇಳಲಿಲ್ಲ, ಕೈ ಚಾಚಿದರು.
ಉಡಿದಾರ ಬಿಚ್ಚಿ ಕೊಟ್ಟೆ.
ಇದನ್ನು ಇಲ್ಲಿ ಬಿಟ್ಟು ಎಲ್ಲೂ ಬರೆದಿಲ್ಲ.

ಓಣಿಯಲ್ಲಿ ಧಣಿಯ ಭಾವಮೈದುನ ಹೇಳಿದನಂತೆ:
"ಅಬಕಾರಿ ಮಂದಿ ನಿಮ್ಮ ಜೀವಾ ತೆಗಿತಾರ.
ಜೀವಾ ಹಾಕೋರು ಯಾರು, ನಾಳೆ ನೆನಪಿರ್ಲಿ."
ಅದೇ ಟಂಟಂ ಎದುರು ಪಕ್ಷದವರ ಗಲ್ಲಿಗೂ ಹೋಯಿತು.
ಡ್ರೈವರು ಒಬ್ಬನೇ, ಬಾಡಿಗೆ ಎರಡು.

ಬೆಳಿಗ್ಗೆ ನನಗೆ ಮತಗಟ್ಟೆ ಡ್ಯೂಟಿ, ಅದೇ ಓಣಿಯ ಶಾಲೆ.
ಬೆರಳಿಗೆ ಶಾಯಿ ಹಚ್ಚುವ ಕೆಲಸ.
ಸಾಲಾಗಿ ಬಂದರು.
ಎಷ್ಟು ಶಾಂತವಾದ ಕೈಗಳು!
ತೋರುಬೆರಳು ಬೆಣಚುಕಲ್ಲಿನ ಹಾಗೆ ತಣ್ಣಗೆ, ಅಲುಗದೆ,
ಗೆರೆ ಅಚ್ಚು ಹೊಡೆದ ಹಾಗೆ ಕೂರುತ್ತಿತ್ತು.
ಯಂಕೋಬನ ಕುತ್ತಿಗೆ ನೆಟ್ಟಗಿತ್ತು.
ನಕ್ಕ.

ಹನ್ನೊಂದರ ಮೇಲೆ ದ್ಯಾವಮ್ಮ ಬಂದಳು.
ಅವಳ ಕೈ ನನ್ನ ಕೈಯೊಳಗೆ
ಹಿಡಿದ ಗುಬ್ಬಿಯ ಹಾಗೆ ಬಡಿಯುತ್ತಿತ್ತು.
ಮೆಲ್ಲಗೆ ಕೇಳಿದೆ, "ರಾತ್ರಿ ಸಿಗಲಿಲ್ಲೇನು?"
"ಸಿಕ್ಕಿತ್ತು ಸಾರ್. ಮಗಳು ಚೆಲ್ಲಿ ಬಾಗ್ಲಾ ಹಾಕ್ಯಾಳ.
ಮೂರು ದಿನ ಸತ್ತೀನಿ,
ಇದೊಂದು ದಿನಾನೂ ಸಾಯ್ತೀನಿ ಬಿಡ್ರಿ."
ಶಾಯಿ ಉಗುರಿನಿಂದ ಮಣಿಕಟ್ಟಿನವರೆಗೆ ಹರಿಯಿತು,
ಮೇಜಿಗೆ, ಪಟ್ಟಿಗೆ, ನನ್ನ ಅಂಗಿಯ ತೋಳಿಗೆ.
ಮೇಲಧಿಕಾರಿ ಬೈದರು.
ಅವಳು ಯಾರಿಗೆ ಒತ್ತಿದಳೋ, ಒತ್ತುವಾಗ ಬೆರಳು
ಎಲ್ಲಿ ಜಾರಿತೋ, ಕೇಳುವ ಹಕ್ಕು ನನಗಿಲ್ಲ.

ಎಣಿಕೆಯಾಯಿತು, ಪಟಾಕಿ ಮುಗಿಯಿತು.
ಕೋಣೆ ತೆರೆದು ತೂಗಿದೆ.
ನೂರಾ ಎಪ್ಪತ್ತೈದು, ಒಂದು ಗುಂಜಿ ಕಮ್ಮಿಯಿಲ್ಲ.
ಹೊಸ ಅರಗು, ಹಳೆಯ ತಾರೀಖು.
ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ,
ಸುಣ್ಣ.
ಎರಡು ದಿನ ಸಪ್ಪನೆಯ ಮಜ್ಜಿಗೆ ಬಿಟ್ಟರೆ ಏನೂ ಇಳಿಯಲಿಲ್ಲ.

ಸಾಹೇಬರು ಹಳೆಯ ಹಾಳೆ ಹರಿದು ಹೊಸದು ಅಂಟಿಸಿದ್ದಾರೆ.
ಷರಾ ಖಾಲಿಯಿದೆ.
ಇಲಿಗಳು ತಿಂದದ್ದನ್ನು ತಂದಿಟ್ಟು ಹೋಗಿವೆ
ಎಂದು ಬರೆಯಲೇ?
ಲಾಲಸಾಬ, ಬಂಡೆಪ್ಪ ಆಗಲೇ ಸಹಿ ಹಾಕಿದ್ದಾರೆ.